ಎಡಗೈಯಲ್ಲಿ ಉಂಡ ಅರಸ

ನಾನು ಕಂಡ ಮೊದಲ ಅರಸ ಎಡಗೈಯಲ್ಲಿ ಉಣ್ಣುತ್ತಿದ್ದ. ಇಷ್ಟು ಬರೆಯುವಷ್ಟರಲ್ಲೇ ಅನುಮಾನ ಶುರುವಾಗಿದೆ. ಅವನು ಅರಸನೇ ಹೌದೇ, ಅಥವಾ ಅರಸನ ಮನೆಗೆ ಊಟಕ್ಕೆ ಬಂದಿದ್ದ ಯಾವನೋ ಸೇನಾಪತಿಯೇ? ಕಿರೀಟವಿತ್ತು ಎನ್ನುತ್ತದೆ ನೆನಪು. ಆದರೆ ನನ್ನ ನೆನಪು ಬಹಳ ಧಾರಾಳಿ. ಕೇಳಿದರೆ ಎಲ್ಲರ ತಲೆಗೂ ಒಂದೊಂದು ಕಿರೀಟ ಇಟ್ಟು ಕಳಿಸುತ್ತದೆ. ಬೇರೆ ಬೇರೆ ವರ್ಷ ನೋಡಿದ ಸಿನಿಮಾಗಳೆಲ್ಲ ನನ್ನೊಳಗೆ ಒಂದೇ ಸುರುಳಿಯಾಗಿ ಅಂಟಿಕೊಂಡಿವೆ. ಒಂದರ ಕುದುರೆ ಇನ್ನೊಂದರ ಕೋಟೆಯೊಳಗೆ ಹೋಗುತ್ತದೆ, ಒಬ್ಬಳ ಕಣ್ಣೀರು ಇನ್ನೊಬ್ಬಳ ಕೆನ್ನೆಯ ಮೇಲೆ ಇಳಿಯುತ್ತದೆ. ಕತೆ ಹೇಳು ಎಂದರೆ ಹೇಳಲಾರೆ. ಆ ಕೈಯನ್ನು ಮಾತ್ರ ಮರೆತಿಲ್ಲ. ದಪ್ಪ ಉಂಗುರಗಳ ಎಡಗೈ, ಅನ್ನದ ತುತ್ತನ್ನು ನಿಧಾನವಾಗಿ ಕಟ್ಟಿ, ಯಾರ ಹೆದರಿಕೆಯೂ ಇಲ್ಲದೆ ಬಾಯಿಗಿಡುತ್ತಿತ್ತು.

ಹೆದರಿಕೆಯ ಮಾತು ಯಾಕೆ ಬಂತೆಂದರೆ, ನಾನು ಎಡಚಿ. ಮಲ್ಲಂದೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರಾಗಿದ್ದ. ಎಸ್ಟೇಟಿನವರು ಕೊಟ್ಟಿದ್ದ ಮನೆಗೆ ಮೂರೇ ಕೋಣೆ. ಮುಂದಿನದು ಅಪ್ಪನದು, ಯಾರಾದರೂ ಬಂದರೆ ಕೂರುತ್ತಿದ್ದುದು ಅಲ್ಲೇ. ನಡುವಿನದರಲ್ಲಿ ನಾವೆಲ್ಲ ಮಲಗುತ್ತಿದ್ದೆವು. ಹಿಂದಿನದು ಅಡುಗೆಮನೆ, ಅದು ಅಜ್ಜಿಯದು. ಅಲ್ಲಿ ಬೆಳಗಿನಿಂದ ದುಡಿಯುತ್ತಿದ್ದವಳು ಅಮ್ಮ, ಆದರೂ ಅದು ಅಜ್ಜಿಯದು. ಒಲೆಗೆ ಬೆನ್ನು ಮಾಡಿ, ಬಾಗಿಲ ಬೆಳಕಿಗೆ ಮುಖ ಕೊಟ್ಟು ಅಜ್ಜಿ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಆ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸುತ್ತಿದ್ದಳು; ತೋಟದಿಂದ ಬಂದ ಅಪ್ಪನ ಕಾಲಿಗೆ ಜಿಗಣೆ ಹತ್ತಿದ್ದರೆ ಅಂಗಳದ ಆಚೆಯಿಂದಲೇ ಹೇಳುತ್ತಿದ್ದಳು. ಅಪ್ಪನ ತಾಯಿ ಅವಳು, ಹೊಲ ಮನೆ ಎಲ್ಲ ಕಳೆದುಕೊಂಡು ಮಗನ ಜೊತೆ ಎಸ್ಟೇಟಿಗೆ ಬಂದವಳು. ಇನ್ನೊಬ್ಬರಿಗೆ ತೋರಿಸಿ ಹೆಮ್ಮೆಪಡುವಂಥದ್ದು ಅಂತ ಅವಳ ಹತ್ತಿರ ಉಳಿದಿದ್ದುದು ಆ ಎರಡು ಕಣ್ಣು.

ಊಟಕ್ಕೆ ಕೂತಾಗ ಅಜ್ಜಿ ನನ್ನ ಎಡಗೈ ಕಟ್ಟುತ್ತಿದ್ದಳು. ಹಳೆಯ ಸೀರೆಯ ಹಸಿರು ಅಂಚಿನಿಂದ ಹರಿದ ಒಂದು ಪಟ್ಟಿ. ಅದರ ಒಂದು ತುದಿ ನನ್ನ ಮಣಿಕಟ್ಟಿಗೆ, ಇನ್ನೊಂದು ಸೊಂಟದ ಲಾಡಿಗೆ. ಇದನ್ನು ಕ್ರೌರ್ಯವೆಂದು ಬರೆದರೆ ಈಗಿನವರು ಒಪ್ಪುತ್ತಾರೆ, ಆದರೆ ಅದು ಹಾಗಿರಲಿಲ್ಲ. "ಬಿಗಿ ಆಯ್ತನೇ ಕೂಸೇ?" ಎಂದು ಕೇಳಿ ಗಂಟು ಸಡಿಲಿಸುತ್ತಿದ್ದಳು. ನೀರಿನ ಚೊಂಬನ್ನು ತಟ್ಟೆಯ ಬಲಕ್ಕೇ ಇಡುತ್ತಿದ್ದಳು, ಕೈಗೆ ಅಭ್ಯಾಸವಾಗಲಿ ಎಂದು. ಹೆಣ್ಣು ಕೂಸು, ನಾಳೆ ಪರರ ಮನೆಯಲ್ಲಿ ಎಡಗೈಯಲ್ಲಿ ಬಡಿಸಿದರೆ ಯಾರು ಇಟ್ಟುಕೊಳ್ಳುತ್ತಾರೆ ಎಂಬುದು ಅವಳ ಚಿಂತೆ. ನಾನು ಬಲಗೈಯಲ್ಲಿ ಉಣ್ಣುವಂತಾದರೆ ಹೊರನಾಡಿನ ಗುಡಿಗೆ ಕರೆದೊಯ್ದು ಅಮ್ಮನವರ ಊಟದ ಪಂಕ್ತಿಯಲ್ಲಿ ಕೂರಿಸುತ್ತೇನೆಂದು ಹರಕೆಯನ್ನೂ ಹೊತ್ತಿದ್ದಳು. ನಾನು ಕಡುಬನ್ನು ಬಲಗೈಯಲ್ಲಿ ಮುರಿಯಲು ಹೋದರೆ ಅದು ತಟ್ಟೆಯಿಂದ ಜಾರಿ ಅಪ್ಪನ ಕಡೆ ಉರುಳುತ್ತಿತ್ತು. ಕಟ್ಟಿದ ಕೈ ಸೊಂಟದ ಹತ್ತಿರ ತನ್ನಷ್ಟಕ್ಕೆ ಬೆರಳಾಡಿಸುತ್ತಿತ್ತು. ಅದು ನನ್ನದಲ್ಲದ, ಮನೆಯವರೆಲ್ಲ ಸೇರಿ ಕಟ್ಟಿಹಾಕಿದ ಒಂದು ಸಣ್ಣ ಪ್ರಾಣಿ ಎಂದೇ ನಾನು ನಂಬಿದ್ದೆ.

ಸಿನಿಮಾ ಬರುತ್ತಿದ್ದುದು ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಬಿಡುವಿನಲ್ಲಿ. ಆಳುಗಳು ಘಟ್ಟದ ಕೆಳಗಿನ ತಮ್ಮ ಊರಿಗೆ ಹೊರಡುವ ಮೊದಲು ಅವರಿಗೊಂದು ಸಂತೋಷ ಇರಲಿ, ಬರುವ ವರ್ಷವೂ ಇಲ್ಲಿಗೇ ಬರಲಿ ಎಂದು ಸಾಹುಕಾರರು ಅದನ್ನು ಕರೆಸುತ್ತಿದ್ದರು. ಎತ್ತಿನಗಾಡಿಯಲ್ಲಿ ಒಂದು ಯಂತ್ರ, ತಗಡಿನ ಡಬ್ಬಿಗಳು, ಮಡಿಸಿದ ದೊಡ್ಡ ಬಿಳಿ ಬಟ್ಟೆ, ಗಂಟಲು ಕೆಟ್ಟ ಒಬ್ಬ ಮನುಷ್ಯ. ಕಾಫಿ ಒಣಗಿಸುವ ಕಣದ ನಡುವೆ ಎರಡು ಗಳ ನೆಟ್ಟು ಬಟ್ಟೆ ಕಟ್ಟುತ್ತಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಂದಿಗೆ ಬಿಂದಿಗೆ ನೀರು ಎರಚಿ ಆ ಬಟ್ಟೆಯನ್ನು ಪೂರಾ ನೆನೆಸುತ್ತಿದ್ದ. ಒದ್ದೆಯಾದರೆ ಚಿತ್ರ ಎರಡೂ ಕಡೆ ಕಾಣುತ್ತದೆ. ಅದಕ್ಕೆ ಕಾರಣವೂ ಇತ್ತು. ಲೈನಿನ, ಅಂದರೆ ಸಾಲುಮನೆಗಳ ಆಳುಗಳು, ಗಂಡಸರು ಹೆಂಗಸರು ಎಲ್ಲ, ಯಂತ್ರದ ಕಡೆ ಕೂರುತ್ತಿದ್ದರು; ಅಪ್ಪ, ಮೇಸ್ತ್ರಿ ಮುಂತಾದವರು ಅವರ ಮುಂದೆ ಬೆಂಚಿನ ಮೇಲೆ. ರೈಟರ ಮನೆಯ, ಮೇಸ್ತ್ರಿ ಮನೆಯ ಹೆಂಗಸರು ಆಳುಗಳ ಕಣ್ಣೆದುರು ಕೂರುವುದು ಚೆನ್ನಾಗಿರುವುದಿಲ್ಲವೆಂದು ನಮಗೆ ಬಟ್ಟೆಯ ಹಿಂಬದಿ, ಗೋಡೌನಿನ ಜಗಲಿ. ಹಿಂಬದಿಯಿಂದ ನೋಡಿದರೆ ಬಲವೆಲ್ಲ ಎಡವಾಗುತ್ತದೆ, ಕನ್ನಡಿಯಲ್ಲಿ ಆದ ಹಾಗೆ. ಇದು ಈಗ ಎಷ್ಟು ಸಣ್ಣ ಸಂಗತಿ. ಆಗ ನನಗೆ ಗೊತ್ತಿರಲಿಲ್ಲ.

ಆ ವರ್ಷದ ಮೊದಲ ಆಟದ ವಾಸನೆ ನನಗೆ ನೆನಪಿದೆ: ಒದ್ದೆ ಬಟ್ಟೆ, ಕಾಫಿ ಸಿಪ್ಪೆ, ಚೆನ್ನಮ್ಮನ ಎಲೆಯಡಿಕೆ. ಚೆನ್ನಮ್ಮ ಮೇಸ್ತ್ರಿಯ ಹೆಂಡತಿ, ಅಜ್ಜಿಯ ಗೆಳತಿ, ಎಲ್ಲದಕ್ಕೂ ಒಂದು ಮಾತು ಇದ್ದವಳು. ಸಿನಿಮಾಕ್ಕೆ ಮಾತಿರಲಿಲ್ಲ. ನಡುನಡುವೆ ಬಟ್ಟೆಯ ಮೇಲೆ ನಾಲ್ಕೈದು ಭಾಷೆಯಲ್ಲಿ ಬರಹ ಬರುತ್ತಿತ್ತು, ತಳದಲ್ಲಿ ಕನ್ನಡ. ಆ ಕಡೆ ಗಂಟಲು ಕೆಟ್ಟವನು ಕೂಗಿ ಹೇಳುತ್ತಿದ್ದ, ಆಳುಗಳ ನಗೆಯಲ್ಲಿ ಅದು ನಮಗೆ ಕೇಳುತ್ತಿರಲಿಲ್ಲ. ಜಗಲಿಯ ಮೇಲೆ ಓದು ಬಂದವಳು ಅಮ್ಮ ಒಬ್ಬಳೇ.

"ಎಂತ ಬರ್ದದೆ, ಓದೇ ಮಾರಾಯ್ತಿ," ಎಂದಳು ಚೆನ್ನಮ್ಮ.

ಅಮ್ಮ ಕಣ್ಣು ಕಿರಿದು ಮಾಡಿದಳು. ಒಂದು ಅಕ್ಷರ ಹೇಳಿ ನಿಂತಳು, ಇನ್ನೊಂದು ಹೇಳಿ ನಿಂತಳು. "ಮ... ಹಾ... ರಾಜನು..." ಅಷ್ಟರಲ್ಲಿ ಬರಹ ಹೋಗಿ ಕುದುರೆ ಬಂತು.

"ಮೂರ್ನೇ ಕ್ಲಾಸು ಅಂದ್ರೆ ಇಷ್ಟೇನಾ? ನಿಮ್ಮ ಸೊಸೆ ಮಹಾರಾಜನ್ನ ಕರ್ಕೊಂಡು ಬರೋದ್ರೊಳಗೆ ಅವ್ನ ಕುದುರೆ ಬಂದು ಹೋಯ್ತು ನೋಡಿ."

"ಬೆಳಕು ಕುಣೀತದೆ ಚೆನ್ನಮ್ಮಕ್ಕ," ಎಂದು ಅಮ್ಮ ನಕ್ಕಳು. ಅವಳ ಕಣ್ಣು ಬಟ್ಟೆಯ ಮೇಲೇ ಇತ್ತು. ಆಮೇಲೆ ನನ್ನನ್ನು ಹತ್ತಿರ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಅಥವಾ ನಾನು ಮೊದಲಿನಿಂದಲೂ ಅಲ್ಲೇ ಕೂತಿದ್ದೆನೋ.

ಪರದೆಯ ಮೇಲಿನ ಹೆಂಗಸರ ಸೆರಗು ಬಲಭುಜದ ಮೇಲಿತ್ತು. ಅದು ಬೊಂಬಾಯಿ ಕಡೆಯ ಉಡುಗೆ ಎಂದು ಚೆನ್ನಮ್ಮ ತೀರ್ಪು ಕೊಟ್ಟಳು. ಅರಸ ಎಡಗೈಯಲ್ಲಿ ಕತ್ತಿ ಹಿಡಿದ. ಅರ್ಚಕ ಎಡಗೈಯಲ್ಲಿ ಮಂಗಳಾರತಿ ಎತ್ತಿದ. ಅಜ್ಜಿ ಕುತ್ತಿಗೆ ಮುಂದೆ ಮಾಡಿದಳು. ಆಮೇಲೆ ಊಟದ ಸಾಲು ಬಂತು. ಒಬ್ಬಿಬ್ಬರಲ್ಲ, ಇಡೀ ಪಂಕ್ತಿ, ಗಡ್ಡ ಬಿಟ್ಟ ಹಿರಿಯರು, ಮಂತ್ರಿಗಳು, ಎಲ್ಲರ ಎಡಗೈಯೂ ಒಟ್ಟಿಗೆ ತಟ್ಟೆಗಿಳಿದು ಒಟ್ಟಿಗೆ ಮೇಲೆದ್ದಿತು. ನಾನು ನನ್ನ ಕೈ ನೋಡಿಕೊಂಡೆ. ಪರದೆಯಿಂದ ಸೋಸಿ ಬಂದ ಬೆಳಕಿನಲ್ಲಿ ಅದು ತೆಳ್ಳಗೆ ಬೆಳ್ಳಗೆ ಕಾಣುತ್ತಿತ್ತು. ಇಂಥ ದೇಶ ಒಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಅಜ್ಜಿ ಪಟ್ಟಿ ತಂದಳು. ನಾನು ಕೈಯನ್ನು ಬೆನ್ನಿನ ಹಿಂದೆ ಅಡಗಿಸಿದೆ.

"ರಾಜ ಎಡಗೈಲೇ ಉಂಡ್ನಲ್ಲ ಅಜ್ಜಿ."

"ರಾಜರದ್ದು ನಮಗ್ಯಾಕೆ? ಅವ್ರಿಗೆ ಕೈ ತೊಳ್ಸೋಕೂ ಆಳಿರ್ತಾರೆ. ಕೊಡು ಕೈ."

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ:

"ಯಾವ ರಾಜನೇ ಎಡಗೈಲಿ ಉಂಡಿದ್ದು? ಬಲಗೈಲೇ ಉಂಡ."

"ಎಡಗೈ ಕಣೋ. ನಾನೂ ನೋಡ್ದೆ," ಎಂದಳು ಅಜ್ಜಿ, ನನ್ನ ಮಣಿಕಟ್ಟು ಹಿಡಿದುಕೊಂಡೇ.

"ಅವ್ವ, ಬೆಂಚಿನ ಮೇಲೆ ಎದುರಿಗೇ ಕೂತಿದ್ದೆ ನಾನು. ಸಾಲಿಗೆ ಸಾಲೇ ಬಲಗೈ."

"ಪೂಜೆಯವನು ಆರತಿ ಎತ್ತಿದ್ದು?"

"ಅದೂ ಬಲಗೈ. ದಿನಾ ಬೆಳಗಾದ್ರೆ ತೋಟದಲ್ಲಿ ನೂರು ಜನರ ಕೈ ನೋಡೋನು ನಾನು. ನಂಗೆ ಕೈ ಗೊತ್ತಾಗಲ್ವಾ? ನಿಂಗೆ ಕಣ್ಣಿಗೆ ಪೊರೆ ಬಂದಿರ್ಬೇಕು, ವಯಸ್ಸಾಯ್ತಲ್ಲ."

ಅಜ್ಜಿ ನನ್ನ ಕೈ ಬಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಒಳಗೆ ಏನನ್ನೋ ಹುಡುಕುವವಳ ಹಾಗಿದ್ದಳು. ಪೊರೆ ಬಂದರೆ ಮೊರ ಇನ್ನೊಬ್ಬರ ಕೈಗೆ ಹೋಗುತ್ತದೆ, ಮೊರ ಹೋದರೆ ಬಾಗಿಲ ಬೆಳಕಿನ ಆ ಜಾಗವೂ ಹೋಗುತ್ತದೆ. ಇದು ಅಂದೇ ನನಗೆ ತಿಳಿಯಿತು ಎಂದರೆ ಸುಳ್ಳಾದೀತು. ಅಂದು ಕಂಡದ್ದು ಅವಳ ಕಣ್ಣು ನನ್ನ ಮೇಲೆ ತಿರುಗಿದ್ದು ಮಾತ್ರ.

"ನನ್ನ ಕಣ್ಣಿಗೆ ಪೊರೆ. ಈ ಕೂಸಿನ ಕಣ್ಣಿಗೂ ಪೊರೆಯನಾ? ಹೇಳೇ ಪುಟ್ಟಿ, ಯಾವ ಕೈಲಿ ಉಂಡ?"

"ಎಡಗೈ."

"ಹೇಗೆ ಉಂಡ, ತೋರ್ಸು ನಿಮ್ಮಪ್ಪಂಗೆ."

ನಾನು ಅಮ್ಮನನ್ನು ನೋಡಿದೆ. ಅಮ್ಮ ಒಲೆಯ ಮುಂದೆ ಬಗ್ಗಿ ಕೊಳವೆಯಲ್ಲಿ ಊದುತ್ತಿದ್ದಳು. ಎಡಗೈ ತಟ್ಟೆಗಿಟ್ಟೆ. ಅನ್ನ ಬಿಸಿ ಇತ್ತು. ಅರಸ ಮಾಡಿದಂತೆ ನಿಧಾನವಾಗಿ ತುತ್ತು ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಬಾಯಿಗಿಟ್ಟೆ. ಒಂದು ಅಗುಳೂ ಬೀಳಲಿಲ್ಲ.

"ಹಾಂ, ಹೀಗೇ," ಎಂದಳು ಅಜ್ಜಿ. "ನೋಡ್ಕೋ. ಇನ್ನೊಂದು ಸಲ ತೋರ್ಸು ಕೂಸೇ, ನಿಮ್ಮಪ್ಪ ಸರಿಯಾಗಿ ನೋಡ್ಲಿಲ್ಲ."

ಅಂದಿನ ಊಟ ಪೂರ್ತಿ ನಾನು ತೋರಿಸುವುದರಲ್ಲೇ ಮುಗಿಯಿತು. ಸಂಜೆ ಚೆನ್ನಮ್ಮ ಬಂದು ಎಡಗೈಯೇ ಎಂದು ಸಾಕ್ಷಿ ಹೇಳಿದಳು; ಅವಳ ಗಂಡ ಮೇಸ್ತ್ರಿ ಬಲಗೈ ಎಂದ; ಆ ಮನೆಯಲ್ಲೂ ಎರಡು ದಿನ ಮಾತು ನಿಂತಿತು. ಲೈನಿನ ಹೆಂಗಸರನ್ನು ಕೇಳಬಹುದಿತ್ತು, ಅವರೂ ಎದುರುಗಡೆಯೇ ಕೂತಿದ್ದರು. ಅವರನ್ನು ಕೇಳುವುದು ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಕೇಳುವವರಿರಲಿಲ್ಲ. ಮನೆಗೆ ಯಾರು ಬಂದರೂ ಅಜ್ಜಿ ಅವರೆದುರು ನನ್ನನ್ನು ಕೂರಿಸಿ, ಅರಸ ಉಂಡ ಬಗೆಯನ್ನು ಮಾಡಿಸುತ್ತಿದ್ದಳು. ನನ್ನ ಕೈ ಕಟ್ಟಿದರೆ ಅವಳ ಸಾಕ್ಷಿಯನ್ನೇ ಕಟ್ಟಿದಂತೆ. ಹಸಿರು ಅಂಚಿನ ಪಟ್ಟಿ ಮೊದಲು ಗೂಟಕ್ಕೆ ಹೋಯಿತು, ಆಮೇಲೆ ಉಪ್ಪಿನಕಾಯಿ ಜಾಡಿಯ ಬಾಯಿಗೆ. ಅಜ್ಜಿ ಎಡಗೈಯನ್ನು ಒಪ್ಪಿದಳು ಎನ್ನಲಾರೆ. ಬಡಿಸುವಾಗ, ದೀಪ ಹಚ್ಚುವಾಗ ನಾನು ಬಲಗೈಯನ್ನೇ ಬಳಸಬೇಕಿತ್ತು; ಚೊಂಬೂ ತಟ್ಟೆಯ ಬಲಕ್ಕೇ ಕೂರುತ್ತಿತ್ತು. ಊಟ ಮಾತ್ರ ಅರಸನ ಕಡೆಗಿತ್ತು.

ಹರಕೆಯ ತೊಡಕು ಉಳಿದಿತ್ತು. ಅಜ್ಜಿ ಕಳಸದವರೆಗೆ ಗಾಡಿಯಲ್ಲಿ, ಅಲ್ಲಿಂದ ನಡೆದು, ನನ್ನನ್ನು ಬಿಟ್ಟು ಚೆನ್ನಮ್ಮನ ಜೊತೆ ಹೊರನಾಡಿಗೆ ಹೋಗಿಬಂದಳು.

"ದೇವಿಗೆ ಎಂತ ಹೇಳ್ದೆ ಅಜ್ಜಿ?"

"ಕಣ್ಣು ಸರಿಯಾಗಿ ಇಟ್ಟಿರು ತಾಯಿ ಅಂದೆ. ಕೈ ಮಾತು ಎತ್ತೋಕೆ ಹೋಗ್ಲಿಲ್ಲ."

ಮುಂದಿನ ವರ್ಷ ಯಂತ್ರ ಮತ್ತೆ ಬಂತು. ಈ ಸಲ ಬೆಂಚಿನ ಮೇಲೆ ಕೂತು ತಾನೇ ನೋಡಿ ತೀರ್ಮಾನ ಮಾಡುತ್ತೇನೆಂದು ಅಜ್ಜಿ ಹೊರಟಿದ್ದಳು. ಅಮ್ಮ ಅವಳ ಶಾಲನ್ನು ಜಗಲಿಯ ಮೇಲೆ ಹಾಸುತ್ತ, "ಆ ಕಡೆ ಬೀಡಿ ಹೊಗೆ ಅತ್ತೆ. ನಿಮಗೆ ಕೆಮ್ಮು ಬರ್ತದೆ. ಇಲ್ಲಿಂದ್ಲೇ ಚೆನ್ನಾಗಿ ಕಾಣ್ತದಲ್ಲ," ಎಂದಳು. ಅಜ್ಜಿ ಕೂತಳು. ಆ ವರ್ಷ ದೊಡ್ಡ ಕತೆಗೆ ಮೊದಲು ಒಂದು ತುಂಡು ಸಿನಿಮಾ ಹಾಕಿದರು. ಜಪಾನೋ ಚೀನವೋ, ಯಂತ್ರದವನಿಗೂ ಖಚಿತವಿರಲಿಲ್ಲ. ಚಾಪೆಯ ಮೇಲೆ ಮಂಡಿಯೂರಿ ಕೂತ ಒಂದು ಮನೆಯವರು, ತಗ್ಗಿನ ಮಣೆ, ಪುಟ್ಟ ಬಟ್ಟಲು. ಅವರು ಕೈಯನ್ನೇ ಇಕ್ಕದೆ ಎರಡು ಕಡ್ಡಿಯಲ್ಲಿ ಅನ್ನ ಉಣ್ಣುತ್ತಿದ್ದರು. ಅವರಲ್ಲೊಬ್ಬಳು ಮುದುಕಿ ಮೊಮ್ಮಗುವಿನ ಬೆರಳಿಗೆ ಕಡ್ಡಿ ಹಿಡಿಸಿ, ಮಗು ಬೀಳಿಸಿದರೆ ಮತ್ತೆ ಹಿಡಿಸುತ್ತಿದ್ದಳು.

"ಎಡ ಬಲ ಅನ್ನೋ ಜಗಳನೇ ಬೇಡ ಅಂತ ಕಡ್ಡಿ ಮಾಡ್ಕೊಂಡವ್ರೆ," ಎಂದಳು ಅಜ್ಜಿ, ಮೆಲ್ಲಗೆ. "ನಮ್ಮಂಗೇ ಒಂದು ಮನೆ ಕಣೇ ಅದು. ಅಜ್ಜಿ ಪಾಡು ನೋಡು."

ಮರುದಿನ ನಾನು ಕಾಫಿ ಗಿಡದ ಎರಡು ಚಿಗುರು ಕಡ್ಡಿ ಮುರಿದು ತಂದು ಕಡುಬು ಎತ್ತಲು ನೋಡಿದೆ. ಅಜ್ಜಿಯೂ ನೋಡಿದಳು. ಇಬ್ಬರಿಗೂ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ, ದೊಡ್ಡ ಊರಿನ ಒಂದು ಚಿತ್ರಸಂಘದ ಬೆಂಚಿನ ಮೇಲೆ ಕೂತು ಜಪಾನಿನ ಸಿನಿಮಾಗಳನ್ನು ನೋಡಿದೆ. ಪಕ್ಕದವರು ಬೆಳಕು ನೆರಳು, ಕೋನ, ಮೌನ ಎಂದೆಲ್ಲ ಬರೆದುಕೊಳ್ಳುತ್ತಿದ್ದರು. ಸಂಸಾರವೊಂದು ಮಂಡಿಯೂರಿ ಊಟಕ್ಕೆ ಕೂತೊಡನೆ ನನ್ನ ಕಣ್ಣು ಕೈಗಳಿಗೆ ಹೋಗುತ್ತಿತ್ತು. ನನಗೆ ಸಿನಿಮಾ ನೋಡುವುದು ಬೇರೆ ಯಾವ ರೀತಿಯಲ್ಲೂ ಬರುವುದಿಲ್ಲ. ಪರದೆಯ ಆಚೆ ಇನ್ನೊಂದು ಜಗಲಿ ಇದೆ, ಅಲ್ಲಿ ಕೂತವರಿಗೆ ಇದೇ ಕತೆ ಬೇರೆ ಥರ ಕಾಣುತ್ತಿದೆ ಎಂಬ ಗುಮಾನಿ ಯಾವತ್ತೂ ಹೋಗಲಿಲ್ಲ. ಸಿನಿಮಾ ಬಗ್ಗೆ ನಾನು ಬರೆಯುವುದು ನೆಟ್ಟಗಿಲ್ಲ ಎನ್ನುವವರಿಗೆ ಕೊಡಲು ನನ್ನ ಬಳಿ ಇರುವ ಕಾರಣ ಇದೊಂದೇ.

ಚಿಕ್ಕಮಗಳೂರಿನ ಟಾಕೀಸಿಗೆ ಮೊದಲು ಹೋದಾಗ ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದವು. ನಾನು ಆಗ ಲಂಗ ದಾವಣಿಯ ಹುಡುಗಿ. ಅಪ್ಪ, ಅಮ್ಮ, ನಾನು ಬಟ್ಟೆ ಕೊಳ್ಳಲು ಹೋದವರು ಮಧ್ಯಾಹ್ನದ ಆಟಕ್ಕೆ ನುಗ್ಗಿದೆವು. ಅಜ್ಜಿ ಬರಲಿಲ್ಲ. ಅಷ್ಟರಲ್ಲಿ ಅವಳ ಕಣ್ಣಿಗೆ ನಿಜವಾಗಿಯೇ ಪೊರೆ ಬಂದಿತ್ತು. ಆದರೂ ಮೊರ ಬಿಟ್ಟುಕೊಟ್ಟಿರಲಿಲ್ಲ. ಬಾಗಿಲ ಬೆಳಕಿನಲ್ಲೇ ಕೂತು ಬೆರಳಿನಲ್ಲಿ ಕಲ್ಲು ಹುಡುಕುತ್ತಿದ್ದಳು. ಒಂದೊಂದು ಕಲ್ಲು ಬಾಯಿಗೆ ಸಿಕ್ಕಿದರೆ ನಾವು ಸದ್ದಾಗದಂತೆ ಉಗಿಯುತ್ತಿದ್ದೆವು.

ಟಾಕೀಸಿನಲ್ಲಿ ಗಂಡಸರಿಗೆ ಒಂದು ಬದಿ, ಹೆಂಗಸರಿಗೆ ಒಂದು ಬದಿ, ಆದರೆ ಎಲ್ಲರೂ ಪರದೆಯ ಮುಂದೆಯೇ. ಆಟ ಶುರುವಾಗುವ ಮೊದಲು ಪರದೆಯ ಮೇಲೆ ಗಾಜಿನ ಸ್ಲೈಡಿನ ಒಂದಷ್ಟು ಬರಹ ಬಂತು: ಬೀಡಿ ಸೇದಬಾರದು, ಕೂಸುಗಳನ್ನು ಅಳಿಸಬಾರದು, ಅಂಥವು. ಪಕ್ಕದ ಮುದುಕಿ ಏನು ಬರೆದಿದೆ ಎಂದು ಕೇಳಿದಳು. ಅಮ್ಮ ಎಲ್ಲೂ ತಡವರಿಸದೆ, ಅಂಗಡಿಯ ಬೋರ್ಡು ಓದಿದಷ್ಟು ಸಲೀಸಾಗಿ ಓದಿಬಿಟ್ಟಳು. ನಾನು ಅವಳ ಮುಖ ನೋಡಿದೆ. ಕಣದ ಬಟ್ಟೆಯ ಹಿಂದೆ ಕೂತು ಅವಳು ತೊದಲಿದ್ದು ನೆನಪಾಯಿತು. ಅಲ್ಲಿ ಅಕ್ಷರಗಳೂ ತಿರುಗಿ ನಿಂತಿದ್ದವು. ಒಂದೊಂದನ್ನೂ ಮನಸ್ಸಿನಲ್ಲೇ ಮಗುಚಿಹಾಕಿ ಓದುತ್ತಿದ್ದಳು ಅವಳು.

ಕತೆಯಲ್ಲಿ ಮದುವೆಯ ಊಟ ಬಂತು. ಉದ್ದದ ಪಂಕ್ತಿ, ಬಾಳೆಲೆ, ಎಲ್ಲರೂ ಬಲಗೈ. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ ನನ್ನ ಕಿವಿಯ ಹತ್ತಿರ ಹೇಳಿದಳು:

"ಅಜ್ಜಿಗೆ ಹೇಳ್ಬೇಡ."

ಬಸ್ಸಿನಲ್ಲಿ ಅಪ್ಪ ನಮ್ಮ ಕಡೆ ತಿರುಗಿ, "ನೋಡಿದ್ರಲ್ಲ, ಯಾವ ಕೈ?" ಎಂದ. ಅವನೂ ಇಷ್ಟು ವರ್ಷ ಏನೂ ತಿಳಿಯದೆ ಜಗಳವಾಡಿದ್ದನೋ, ತಿಳಿದೂ ತಾಯಿಯ ಜೊತೆ ಊಟದ ಹೊತ್ತಿಗೊಂದು ಮಾತು ಇರಲೆಂದು ಆಡಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ, "ನಾನು ಕೈ ನೋಡ್ಲಿಲ್ಲಪ್ಪ, ಬರೀ ಸೀರೆ ನೋಡ್ದೆ," ಎಂದಳು.

ಮನೆಗೆ ಬಂದಾಗ ಅಡುಗೆಮನೆಯಲ್ಲಿ ತಟ್ಟೆ ಹಾಕಿತ್ತು. ಅಜ್ಜಿ ಹೆಜ್ಜೆ ಸದ್ದಿನಿಂದಲೇ ನಾವು ಮೂವರೂ ಬಂದೆವೆಂದು ಲೆಕ್ಕ ಮಾಡಿಕೊಂಡಳು. ಸಿನಿಮಾ ಹೇಗಿತ್ತು, ಹಾಡಿತ್ತಾ, ಯಾರಾದರೂ ಅತ್ತರಾ ಎಂದೆಲ್ಲ ಕೇಳಲಿಲ್ಲ.

"ಊಟ ಇತ್ತನಾ ಅದ್ರಲ್ಲಿ?"

"ಇತ್ತು ಅಜ್ಜಿ. ಮದುವೆ ಊಟ."

"ಯಾವ ಕೈಲಿ ಉಂಡ್ರು?"

ಅಪ್ಪ ಕೈ ತೊಳೆಯುತ್ತಿದ್ದವನು ನೀರು ಸುರಿಯುವುದನ್ನು ನಿಲ್ಲಿಸಿದ. ಅಮ್ಮ ಒಲೆಯ ಕಡೆ ಬಗ್ಗಿದ್ದಳು.

"ಎಡಗೈ," ಎಂದೆ. "ಸಾಲಿಗೆ ಸಾಲೇ."

"ಕೇಳ್ದ್ಯನಾ?" ಎಂದಳು ಅಜ್ಜಿ, ಅಪ್ಪ ಇದ್ದಾನೆಂದುಕೊಂಡ ದಿಕ್ಕಿಗೆ. ಮತ್ತೆ ನೀರು ಸುರಿದುಕೊಳ್ಳುವ ಸದ್ದು ಬಂತು. ಅಜ್ಜಿ ನೆಲದ ಮೇಲೆ ಕೈಯಾಡಿಸಿ ಚೊಂಬನ್ನು ಹುಡುಕಿದಳು. ನನ್ನ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ, ಅದನ್ನು ಅರ್ಧ ಸುತ್ತು ಬಳಸಿ, ಚೊಂಬನ್ನು ಎಡಕ್ಕೆ ತಂದು ಇಟ್ಟಳು.